ತಿಂಗಳ ಲೆಕ್ಕ

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಮೊನ್ನೆ ನಿಮ್ಮಲ್ಲಿ ಒಬ್ಬರು ಕೇಳಿದಿರಿ: "ಅಮೆರಿಕದಲ್ಲೂ ಬಡವರು ಇದ್ದಾರಾ, ಮೇಡಂ?"

ಇದ್ದಾರೆ. ಅಲ್ಲೂ ಒಬ್ಬಳೇ ದುಡಿದು ಮಕ್ಕಳನ್ನು ಸಾಕುವ ತಾಯಂದಿರು ಇದ್ದಾರೆ. ಮನೆ ಬಾಡಿಗೆ ಕಟ್ಟಬೇಕು. ಮಕ್ಕಳ ಹೊಟ್ಟೆ ತುಂಬಬೇಕು. ಇಂಥ ಬಡ ಕುಟುಂಬಗಳಿಗೆ ಸರಕಾರ ತಿಂಗಳಿಗೆ ಇಷ್ಟು ಅಂತ ಹಣ ಕೊಡುತ್ತದೆ.

ಈ ಸಹಾಯ 1935ರಲ್ಲಿ ಶುರುವಾಯಿತು. ಆಗ ಇಷ್ಟೇ ವರ್ಷ ಎಂದು ದೇಶಕ್ಕೆಲ್ಲ ಒಂದು ಮಿತಿ ಇರಲಿಲ್ಲ. 1996ರಲ್ಲಿ ಹೊಸ ಕಾನೂನು ಬಂತು. ಆಗ ಬಿಲ್ ಕ್ಲಿಂಟನ್ ಅಧ್ಯಕ್ಷರು. ಸಹಾಯ ಪಡೆಯುವ ತಾಯಿ ತಂದೆ ಕೆಲಸಕ್ಕೆ ಹೋಗಬೇಕು ಎಂದಿತು ಆ ಕಾನೂನು. ಕೇಂದ್ರ ಸರಕಾರದ ಹಣ ಅವರಿಗೆ ಜೀವಮಾನದಲ್ಲಿ 60 ತಿಂಗಳು ಮಾತ್ರ ಎಂದಿತು.

60 ತಿಂಗಳು ಅಂದರೆ ಎಷ್ಟು ವರ್ಷ? ಮಗ್ಗಿ ಹೇಳಿ. ಹನ್ನೆರಡು ಐದಲಿ ಅರವತ್ತು. ಐದು ವರ್ಷ.

ಒಬ್ಬ ತಾಯಿ ಎರಡು ವರ್ಷ ಹಣ ತಗೊಂಡಳು ಅನ್ನಿ. 24 ತಿಂಗಳು ಮುಗಿಯಿತು. ಆಮೇಲೆ ಹೋಟೆಲಿನಲ್ಲಿ ಕೆಲಸ ಸಿಕ್ಕಿತು. ಸಹಾಯ ನಿಂತಿತು. ನಾಲ್ಕು ವರ್ಷದ ಮೇಲೆ ಆ ಕೆಲಸ ಹೋಯಿತು. ಈಗ ಅವಳಿಗೆ ಎಷ್ಟು ತಿಂಗಳು ಉಳಿದಿದೆ? 36 ಮಾತ್ರ. ಲೆಕ್ಕ ಮತ್ತೆ ಒಂದರಿಂದ ಶುರುವಾಗೋದಿಲ್ಲ. ಹಿಂದಿನದೂ ಸೇರುತ್ತದೆ.

ಇದರ ಮೇಲೆ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಅರಿಜೋನಾ ರಾಜ್ಯ 2016ರಲ್ಲಿ ಮಿತಿಯನ್ನು 12 ತಿಂಗಳಿಗೆ ಇಳಿಸಿತು. ಕ್ಯಾಲಿಫೋರ್ನಿಯಾ 2011ರಲ್ಲಿ 48ಕ್ಕೆ ಇಳಿಸಿತ್ತು. 2022ರಲ್ಲಿ ಮತ್ತೆ 60ಕ್ಕೆ ಏರಿಸಿತು. ಆದ್ದರಿಂದ ಹಳೆಯ ನಿಯಮ ನಂಬಿ ಕೂತರೆ ಆಗದು.

ಮಿತಿ ಮುಗಿದರೆ ಬೇರೆ ದಾರಿಯೇ ಇಲ್ಲವೇ? ಇದೆ. ತುಂಬ ಕಷ್ಟದಲ್ಲಿ ಇರುವವರಿಗೆ ರಾಜ್ಯ ಅವಧಿ ಹೆಚ್ಚಿಸಬಹುದು. ಸಹಾಯ ಪಡೆಯುವ 100 ಕುಟುಂಬಗಳಲ್ಲಿ 20ರ ತನಕ ಹೀಗೆ ಕೊಡಲು ಕಾನೂನು ಒಪ್ಪುತ್ತದೆ. ಮನೆಯಲ್ಲಿ ಹೊಡೆತ ತಿಂದ ಹೆಂಗಸರೂ ಇದರಲ್ಲಿ ಸೇರಿದ್ದಾರೆ. ಎಷ್ಟೋ ರಾಜ್ಯಗಳಲ್ಲಿ ಕಾಯಿಲೆಯವರೂ ಕೇಳಬಹುದು. ಅಂಗವಿಕಲ ಮಗುವನ್ನು ನೋಡಿಕೊಳ್ಳುವ ತಾಯಿಯೂ ಕೇಳಬಹುದು.

ಆದರೆ ಕೇಳಬೇಕಲ್ಲ! ಏಟು ತಿಂದದ್ದನ್ನು ನಾಚಿಕೆಯಿಂದ ಮುಚ್ಚಿಟ್ಟರೆ ಕಚೇರಿಯವರಿಗೆ ಹೇಗೆ ಗೊತ್ತಾಗಬೇಕು? ಹೊಡೆದವನಿಗೆ ನಾಚಿಕೆ ಆಗಬೇಕು, ನಮಗಲ್ಲ. ಹಣ ನಿಲ್ಲುತ್ತದೆ ಎಂದು ಕಾಗದ ಬಂತು. ಅದನ್ನು ಓದದೆ ಗೂಡಿನಲ್ಲಿ ಇಟ್ಟರೆ ಏನಾಗುತ್ತದೆ? ಅರ್ಜಿ ಕೊಡುವ ದಿನ ದಾಟಿ ಹೋಗುತ್ತದೆ. ನಿಜವಾದ ಕಷ್ಟ ಇದ್ದರೂ ಆ ತಾಯಿ ಬರಿಗೈಲಿ ಕೂರುತ್ತಾಳೆ.

ಅಮೆರಿಕದ ನಿಯಮ ಅಮೆರಿಕಕ್ಕೆ. ನಮ್ಮ ವಿಧವಾ ವೇತನಕ್ಕೆ ಆ 60 ತಿಂಗಳ ಲೆಕ್ಕ ಇಲ್ಲ. ಆದರೆ ಕಚೇರಿಯ ಕಾಗದ ನಮ್ಮ ಮನೆಗೂ ಬರುತ್ತದೆ. ಬಂದಾಗ ಮೂರು ವಿಷಯ ಹುಡುಕಿ.

ಒಂದು, ಯಾವ ತಾರೀಕಿನ ಒಳಗೆ ಉತ್ತರ ಕೊಡಬೇಕು?

ಎರಡು, ಕಾರಣ ಏನು ಬರೆದಿದ್ದಾರೆ?

ಮೂರು, ಯಾರ ಹತ್ತಿರ ಹೋಗಿ ಕೇಳಬೇಕು?

ಅರ್ಜಿ ಕೊಟ್ಟರೆ ಕೊಟ್ಟಿದ್ದಕ್ಕೆ ರಸೀದಿ ಕೇಳಿ. ಅದನ್ನು ಜೋಪಾನ ಮಾಡಿ.

ಹೆಬ್ಬೆಟ್ಟು ಒತ್ತುವಾಗ ಬೇರೆಯವರು ಓದಿ ಹೇಳಿದ್ದೇ ನಿಜ. ಈಗ ಅಕ್ಷರ ನಿಮ್ಮ ಕೈಯಲ್ಲಿದೆ. ನಾಳೆ ಮನೆಯಲ್ಲಿರುವ ಒಂದು ಕಾಗದ ತನ್ನಿ. ಎಲ್ಲರೂ ಕೂತು ಓದೋಣ.