ಹೋಟೆಲಿನ ಬಾಗಿಲು

(ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನಲ್ಲಿ ಮಾಡಿದ ಭಾಷಣದ ಬರಹರೂಪ)



ಐಷಾರಾಮಿ ಹೋಟೆಲುಗಳ ವಿಷಯ ಮಾತನಾಡುತ್ತೇನೆ ಎಂದಾಗ ಕೆಲವರು ನಕ್ಕರು. ಸಾಸಲಿಗೂ ಪಂಚತಾರಾ ಹೋಟೆಲಿಗೂ ಏನು ಸಂಬಂಧ ಎಂಬುದು ಆ ನಗೆಯ ಅರ್ಥ. ಸಂಬಂಧ ಇದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ಜಿಲ್ಲೆಯಲ್ಲೇ ತಾರಾ ಹೋಟೆಲುಗಳು ಎದ್ದಿವೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಹುಡುಗ ಹುಡುಗಿಯರು ಸಮವಸ್ತ್ರ ತೊಟ್ಟು ಪಾಳಿಯ ಮೇಲೆ ಅಲ್ಲಿ ದುಡಿಯುತ್ತಿದ್ದಾರೆ. 2019ರ ಜುಲೈನಲ್ಲಿ ಸರ್ಕಾರ ಅಲುಗಾಡಿದಾಗ ನಮ್ಮ ಶಾಸಕರನ್ನು ಕಾಪಾಡಿಕೊಂಡದ್ದೂ ಈ ಭಾಗದ ರೆಸಾರ್ಟು, ಹೋಟೆಲುಗಳಲ್ಲೇ. ಘಾಟಿ ಜಾತ್ರೆಯಲ್ಲಿ ಎತ್ತುಗಳನ್ನು ಕಟ್ಟಿದ ಹಾಗೆ ಅವರನ್ನು ಪಕ್ಷವಾರು ಬೇರೆ ಬೇರೆ ಕಡೆ ಇಟ್ಟಿದ್ದರು. ಇಂಥ ಹೋಟೆಲು ಎಲ್ಲಿಂದ ಬಂತು, ಯಾರಿಗಾಗಿ ಬಂತು ಎಂದು ನಾವು ಕೇಳಬಾರದೆ?

ಮೊದಲು ಆ ಮಾತಿನ ವಿಚಾರ. 'ಹೋಟೆಲು' ಎಂದರೆ ನಮಗೆ ಇಡ್ಲಿ, ವಡೆ, ಕಾಫಿ. ತಿನ್ನುವ ಜಾಗ ಅದು. ಮಲಗುವ ಜಾಗಕ್ಕೆ ಹಿಂದೆ ಛತ್ರ ಎನ್ನುತ್ತಿದ್ದೆವು, ಈಗ ಲಾಡ್ಜು ಎನ್ನುತ್ತೇವೆ. ಲಂಡನ್ನಿನವನಿಗೆ ಹೋಟೆಲು ಎಂದರೆ ಮೊದಲು ನೆನಪಾಗುವುದು ಹಾಸಿಗೆ. ಪದ ಒಂದೇ, ನಮ್ಮಲ್ಲಿಗೆ ಬಂದಾಗ ಹೊಟ್ಟೆಯ ಕಡೆ ವಾಲಿತು. ಆಸ್ಪತ್ರೆಗೆ ಇಂಗ್ಲಿಷಿನಲ್ಲಿ ಹಾಸ್ಪಿಟಲ್, ವಿದ್ಯಾರ್ಥಿನಿಲಯಕ್ಕೆ ಹಾಸ್ಟೆಲ್ ಎನ್ನುತ್ತಾರಲ್ಲ, ಅವೆರಡೂ ಹೋಟೆಲಿನ ಒಡಹುಟ್ಟಿದ ಪದಗಳು. ಅತಿಥಿ ಎಂಬ ಅರ್ಥದ ಒಂದೇ ಲ್ಯಾಟಿನ್ ಮೂಲದಿಂದ ಮೂರೂ ಹುಟ್ಟಿವೆ. ಬಂದವನನ್ನು ಒಳಗೆ ಕರೆದುಕೊಳ್ಳುವುದೇ ಮೂರರ ಮೂಲಾರ್ಥ. ಹಾಗಾದರೆ ಈ ಹೋಟೆಲುಗಳು ಯಾರನ್ನು ಒಳಗೆ ಕರೆದುಕೊಂಡವು? ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯನ್ನು ಸುತ್ತಿಕೊಂಡಿದೆ.

ಹೋಟೆಲಿನ ವೈಭವಕ್ಕೆ ಹೆಸರಾದ ಊರು ಲಂಡನ್. ಆ ವೈಭವವನ್ನು ಕಟ್ಟಿದವರಲ್ಲಿ ಮನೆಗೆಲಸದವರೇ ಮೊದಲಿಗರು ಎಂಬುದು ಅನೇಕರಿಗೆ ತಿಳಿಯದು. ಬ್ರೌನ್ಸ್ ಹೋಟೆಲು ತೆರೆದ ಜೇಮ್ಸ್ ಬ್ರೌನ್ ಕವಿ ಬೈರನ್ನನ ಸೇವಕನಾಗಿದ್ದವನು. ಕ್ಲಾರಿಜಸ್ ಹೋಟೆಲಿಗೆ ಹೆಸರು ಕೊಟ್ಟ ವಿಲಿಯಂ ಕ್ಲಾರಿಜ್ ದೊಡ್ಡ ಮನೆಗಳಲ್ಲಿ ಬಟ್ಲರನಾಗಿದ್ದವನು. ಪ್ರಭುಗಳಿಗೆ ಏನು ಬೇಕು, ಯಾವ ಹೊತ್ತಿಗೆ ಬೇಕು, ಎಷ್ಟು ಮೌನವಾಗಿ ಬೇಕು ಎಂಬುದು ಪ್ರಭುಗಳಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಆಳುಗಳಿಗೆ. ಆ ತಿಳಿವಳಿಕೆಯನ್ನೇ ಅವರು ಬಂಡವಾಳ ಮಾಡಿಕೊಂಡರು.

ಇವರೆಲ್ಲರಿಗಿಂತ ಹೆಸರು ಮಾಡಿದವನು ಸೀಸರ್ ರಿಟ್ಜ್. ಸ್ವಿಟ್ಜರ್ಲೆಂಡಿನ ನೀಡರ್‌ವಾಲ್ಡ್ ಎಂಬ ಗುಡ್ಡಗಾಡು ಹಳ್ಳಿಯ ರೈತನ ಹದಿಮೂರನೆಯ ಮಗು, ಹುಟ್ಟಿದ್ದು 1850ರಲ್ಲಿ. ಮೊದಲ ಕೆಲಸ ಕೊಟ್ಟ ಯಜಮಾನ, ನಿನಗೆ ಈ ಕಸುಬು ಹತ್ತುವುದಿಲ್ಲ ಎಂದು ಹೊರಗೆ ಹಾಕಿದನಂತೆ. ಮಾಣಿಯಾಗಿ ತಟ್ಟೆ ಹಿಡಿದು ಮೇಲೆ ಬಂದ ಆ ಹುಡುಗನನ್ನು ಲಂಡನ್ನಿನ ಸೆವಾಯ್ ಹೋಟೆಲಿಗೆ ವ್ಯವಸ್ಥಾಪಕನಾಗಿ ಕರೆತಂದರು.

ಸೆವಾಯ್ 1889ರಲ್ಲಿ ತೆರೆಯಿತು. ನಾಟಕಶಾಲೆಯೊಂದರ ಒಡೆಯ ಡಾಯ್ಲಿ ಕಾರ್ಟ್ ಅಮೆರಿಕದ ಹೋಟೆಲುಗಳನ್ನು ನೋಡಿ ಬಂದು ಕಟ್ಟಿಸಿದ್ದು. ವಿದ್ಯುದ್ದೀಪ, ವಿದ್ಯುತ್ ಲಿಫ್ಟು, ಬಿಸಿನೀರು ಎಲ್ಲ ಇತ್ತು. ನಮ್ಮ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಶಿವನಸಮುದ್ರದ ಕರೆಂಟಿನಿಂದ. ಆದರೆ ಜನ ಬೆರಗಾದದ್ದು ಸೆವಾಯ್‌ನ ದೀಪಕ್ಕಿಂತ ಹೆಚ್ಚಾಗಿ ಅಲ್ಲಿನ ಬಚ್ಚಲುಮನೆಗಳಿಗೆ. ಅದರ ನಕ್ಷೆ ನೋಡಿದ ಮೇಸ್ತ್ರಿ, ಬರುವವರು ಮನುಷ್ಯರೋ ಕಪ್ಪೆಗಳೋ ಎಂಬರ್ಥದ ಮಾತಾಡಿದನೆಂದು ಕಥೆ ಇದೆ. ಆ ಕಾಲದ ದೊಡ್ಡ ಹೋಟೆಲುಗಳಲ್ಲೂ ನೂರಾರು ಅತಿಥಿಗಳಿಗೆ ಬೆರಳೆಣಿಕೆಯ ಬಚ್ಚಲು ಇರುತ್ತಿದ್ದವು. ಕೋಣೆಗೇ ತೊಟ್ಟಿ ತಂದು, ಕೆಲಸದವರು ಬಿಸಿನೀರು ಹೊತ್ತು ಸುರಿಯುತ್ತಿದ್ದರು. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದ ಮುಂದೆ 1873ರಲ್ಲಿ ತೆರೆದ ಮಿಡ್‌ಲ್ಯಾಂಡ್ ಗ್ರ್ಯಾಂಡ್ ಹೋಟೆಲು ನೋಡಲು ಅರಮನೆಯೇ. ಆದರೆ ದಪ್ಪ ಗೋಡೆಗಳ ನಡುವೆ ಹೊಸ ಬಚ್ಚಲು ಕೂಡಿಸಲಾಗದೆ, ಕಾಲಕ್ಕೆ ಹೊಂದದೆ, 1935ರಲ್ಲಿ ಅದನ್ನು ಮುಚ್ಚಬೇಕಾಯಿತು. ಮತ್ತೆ ಹೋಟೆಲಾಗಿ ತೆರೆದದ್ದು 2011ರಲ್ಲಿ.

ರಿಟ್ಜ್ 1898ರಲ್ಲಿ ಸೆವಾಯ್‌ನಿಂದ ಹೊರಬಿದ್ದ. ಲೆಕ್ಕದ ತಕರಾರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ತನ್ನ ಹೆಸರಿನ ಹೋಟೆಲು ತೆರೆದ. ಲಂಡನ್ನಿನ ರಿಟ್ಜ್ ಬಂದದ್ದು 1906ರಲ್ಲಿ. ಧೂಳು ಹಿಡಿಯುವ ಭಾರಿ ಪರದೆ, ಗೋಡೆಕಾಗದಗಳನ್ನು ಬೇಡವೆಂದು ಗೋಡೆಗೆ ಬಣ್ಣ ಬಳಿಸಿದ. ಕ್ಷಯರೋಗಕ್ಕೆ ಜನ ನಡುಗುತ್ತಿದ್ದ ಕಾಲ ಅದು. ತೊಳೆಯಬಹುದಾದ ಗೋಡೆ, ಕೋಣೆಗೊಂದು ಬಚ್ಚಲು, ದಿನಾ ಬದಲಿಸುವ ಬಿಳಿ ಹಾಸು ಇವೇ ಅವನ ಐಷಾರಾಮ. ಇವತ್ತು ದೊಡ್ಡಬಳ್ಳಾಪುರದ ಸಾಧಾರಣ ಲಾಡ್ಜಿನಲ್ಲೂ 'ಅಟ್ಯಾಚ್ಡ್ ಬಾತ್‌ರೂಮ್ ಉಂಟೇ' ಎಂದು ಕೇಳುತ್ತೇವೆ. ಒಂದು ಕಾಲದಲ್ಲಿ ರಾಜರು ಬೆರಗಾಗಿದ್ದ ಸೌಕರ್ಯ ಅದು.

ಇನ್ನು ನಮ್ಮ ಬೆಂಗಳೂರಿಗೆ ಬರೋಣ. ಸೆವಾಯ್‌ಗಿಂತ ಎರಡು ವರ್ಷ ಮೊದಲೇ, 1887ರಲ್ಲಿ, ರೇಸ್‌ಕೋರ್ಸ್ ಬಳಿ ಬ್ರಾನ್ಸನ್ ಎಂಬ ಮಹಿಳೆ ಹತ್ತು ಕೋಣೆಗಳ ಬೋರ್ಡಿಂಗ್ ಹೌಸ್ ನಡೆಸುತ್ತಿದ್ದರು. ದಂಡಿನ ಅಧಿಕಾರಿಗಳು, ಹವೆ ಬದಲಾವಣೆಗೆ ಬಂದ ಬಿಳಿಯರು ಅಲ್ಲಿ ಇಳಿಯುತ್ತಿದ್ದರು. ಮುಂದೆ ಅದು ಮದರಾಸಿನ ಸ್ಪೆನ್ಸರ್ ಕಂಪನಿಯ ಕೈಸೇರಿ, ಲಂಡನ್ನಿನ ಸಿರಿವಂತರ ಬಡಾವಣೆಯ ಹೆಸರು ಹೊತ್ತು 'ವೆಸ್ಟ್ ಎಂಡ್' ಆಯಿತು. 1984ರಿಂದ ತಾಜ್ ಸಮೂಹದ ಆಡಳಿತಕ್ಕೆ ಬಂತು. ಇಪ್ಪತ್ತು ಎಕರೆಯಷ್ಟು ಮರಗಿಡಗಳ ನಡುವೆ ಈಗಲೂ ಇದೆ. ಮೆಜೆಸ್ಟಿಕ್‌ನಿಂದ ನಡೆದು ಹೋಗುವ ದೂರದಲ್ಲಿ ಅಷ್ಟು ನೆರಳು ಉಳಿದಿರುವುದಕ್ಕಾಗಿಯಾದರೂ ಆ ಹೋಟೆಲಿಗೆ ನಮಸ್ಕಾರ ಹೇಳಬೇಕು.

ಅದೇ ಮೆಜೆಸ್ಟಿಕ್ ಬಳಿ, ರೈಲು ನಿಲ್ದಾಣದ ಎದುರಿಗೆ, ಇನ್ನೊಂದು ಕಟ್ಟಡ ಇದೆ. ಗುಬ್ಬಿ ತೋಟದಪ್ಪನವರ ಛತ್ರ. ನಿಮ್ಮಲ್ಲಿ ಹಿರಿಯರು ಅನೇಕರು ಅಲ್ಲಿ ರಾತ್ರಿ ಕಳೆದಿರಬಹುದು. ಗುಬ್ಬಿಯಿಂದ ಬಂದು ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿದ ತೋಟದಪ್ಪನವರು ತಮ್ಮ ಸಂಪಾದನೆಯನ್ನು ಧರ್ಮಕ್ಕೆ ಬಿಟ್ಟರು. 1903ರಲ್ಲಿ ಛತ್ರ ಆರಂಭವಾಯಿತು. ಪ್ರಯಾಣಿಕರಿಗೆ ತಂಗುದಾಣ, ವೀರಶೈವ ವಿದ್ಯಾರ್ಥಿಗಳಿಗೆ ಉಚಿತ ವಿದ್ಯಾರ್ಥಿನಿಲಯ. ಅದೇ 1903ರ ಡಿಸೆಂಬರಿನಲ್ಲಿ ಮುಂಬಯಿಯ ಸಮುದ್ರ ತೀರದಲ್ಲಿ ಜಮ್ಷೆಟ್‌ಜಿ ಟಾಟಾ ಅವರ ತಾಜ್ ಮಹಲ್ ಹೋಟೆಲು ತೆರೆಯಿತು. ಇಬ್ಬರೂ ವ್ಯಾಪಾರಿಗಳೇ. ಒಬ್ಬರು ಭಾರತೀಯನೊಬ್ಬ ಜಗತ್ತಿನ ಯಾವ ಹೋಟೆಲಿಗೂ ಸಾಟಿಯಾದದ್ದನ್ನು ಕಟ್ಟಬಲ್ಲ ಎಂದು ತೋರಿಸಿದರು. ಇನ್ನೊಬ್ಬರು ರೈಲಿಳಿದವನಿಗೆ ತಲೆಯ ಮೇಲೊಂದು ಸೂರು ಕೊಟ್ಟರು. ಎರಡನ್ನೂ ನಾನು ಗೌರವಿಸುತ್ತೇನೆ. ಆದರೆ ನಮ್ಮ ಪತ್ರಿಕೆಗಳು, ಪ್ರವಾಸ ಪುಸ್ತಕಗಳು ಮೊದಲನೆಯದಕ್ಕೆ ಪುಟಗಟ್ಟಲೆ ಬರೆದಿವೆ, ಎರಡನೆಯದಕ್ಕೆ ಒಂದು ಪ್ಯಾರಾ ಕೊಟ್ಟರೆ ಹೆಚ್ಚು.

ಮೈಸೂರಿನ ಲಲಿತಮಹಲಿನದು ಬೇರೆಯೇ ಕಥೆ. ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅದನ್ನು ಕಟ್ಟಿಸಿದ್ದು ವೈಸ್‌ರಾಯ್ ಬಂದಾಗ ಇಳಿದುಕೊಳ್ಳಲಿ ಎಂದು. ನಕ್ಷೆ ಮಾಡಿದವರು ಮುಂಬಯಿಯ ಇ.ಡಬ್ಲ್ಯು. ಫ್ರಿಚ್ಲಿ. ನೆತ್ತಿಯ ಮೇಲಿನ ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನದನ್ನು ನೆನಪಿಸುತ್ತದೆ. ಚಾಮುಂಡಿ ಬೆಟ್ಟದ ಪಕ್ಕದಲ್ಲಿ ಲಂಡನ್ನಿನ ಒಂದು ತುಣುಕು! ಒಬ್ಬ ಅತಿಥಿಗಾಗಿ, ಅದೂ ಯಾವಾಗಲೋ ಬರುವ ಅತಿಥಿಗಾಗಿ, ಒಂದು ಅರಮನೆ. ವೈಸ್‌ರಾಯರ ಕಾಲ ಮುಗಿಯಿತು. 1974ರಲ್ಲಿ ಅದು ಹೋಟೆಲಾಯಿತು. ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಸಂಸ್ಥೆ ನಡೆಸಿತು, 2018ರಲ್ಲಿ ರಾಜ್ಯ ಸರ್ಕಾರಕ್ಕೆ ಹಿಂತಿರುಗಿತು. ಇತ್ತ ಬೆಂಗಳೂರಿನಲ್ಲಿ 2001ರಲ್ಲಿ ತೆರೆದ ಲೀಲಾ ಪ್ಯಾಲೇಸ್ ಮೈಸೂರು ಅರಮನೆಯ ಶೈಲಿಯನ್ನು ತನ್ನ ಮೈಗೆ ತೊಟ್ಟುಕೊಂಡಿತು. ಅರಮನೆ ಹೋಟೆಲಾಗುವುದು, ಹೋಟೆಲು ಅರಮನೆಯ ವೇಷ ಹಾಕುವುದು ಎರಡೂ ನಮ್ಮ ಕಣ್ಣ ಮುಂದೆಯೇ ನಡೆದವು. ವೈಸ್‌ರಾಯ್ ಮಲಗುತ್ತಿದ್ದ ಕೋಣೆ ಈಗ ಬಾಡಿಗೆ ಕೊಡಬಲ್ಲ ಯಾರಿಗಾದರೂ ಸಿಗುತ್ತದೆ. 'ಕೊಡಬಲ್ಲ' ಎಂಬ ಮಾತಿನಲ್ಲಿ ಎಷ್ಟು ಜನ ಹೊರಗೆ ಉಳಿದರು ಎಂಬುದು ನಿಮಗೆ ಗೊತ್ತೇ ಇದೆ.

ತಿಂಡಿ ಹೋಟೆಲಿನವರಲ್ಲೂ ಲಂಡನ್ನಿನ ಬ್ರೌನ್, ಕ್ಲಾರಿಜರಂಥವರು ನಮ್ಮಲ್ಲಿ ಇದ್ದರು. ಉಡುಪಿ ಸೀಮೆಯಿಂದ ಬೆಂಗಳೂರಿಗೆ ಬಂದು ದೊಡ್ಡವರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಮಯ್ಯ ಸೋದರರು 1924ರಲ್ಲಿ ಒಂದು ಕಾಫಿ ಹೋಟೆಲು ತೆರೆದರು. ಇವತ್ತಿನ ಎಂ.ಟಿ.ಆರ್. ಅದೇ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಅಲ್ಲಿನ ಹೋಟೆಲುಗಳನ್ನು ಕಣ್ಣಾರೆ ನೋಡಿ ಬಂದರು. ತಂದದ್ದು ಕನ್ನಡಿ, ಕಾರಂಜಿಗಳನ್ನಲ್ಲ, ಶುಚಿಯನ್ನು. ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಏರ್ಪಾಟು, ಗಿರಾಕಿ ಅಡುಗೆಮನೆಯನ್ನು ನೋಡಿಕೊಂಡೇ ಒಳಗೆ ಬರುವ ದಾರಿ. ಐಷಾರಾಮಿ ಹೋಟೆಲು ಜಗತ್ತಿಗೆ ಕಲಿಸಿದ್ದರಲ್ಲಿ ಮಸಾಲೆದೋಸೆಯ ಬೆಲೆಗೆ ನಮ್ಮೆಲ್ಲರಿಗೂ ಸಿಕ್ಕಿದ್ದು ಅದು.

ಆದರೆ 1924ರ ಆ ಹೋಟೆಲಿನ ಮೊದಲ ಹೆಸರು 'ಬ್ರಾಹ್ಮಣರ ಕಾಫಿ ಕ್ಲಬ್' ಎಂದಿತ್ತು. ಆ ಕಾಲದ ಎಷ್ಟೋ ಹೋಟೆಲುಗಳ ಫಲಕದಲ್ಲಿ ಇಂಥ ಹೆಸರುಗಳು ಇರುತ್ತಿದ್ದವು. ಅಡುಗೆಯವರು ಯಾರು ಎಂದು ಹೇಳುವುದಷ್ಟೇ ಅದರ ಉದ್ದೇಶ ಎನ್ನುವವರಿದ್ದಾರೆ. ಬಾಗಿಲಲ್ಲಿ ನಿಂತು ಆ ಫಲಕ ಓದಿದ ದಲಿತನಿಗೆ ಅದು ಅಷ್ಟೇ ಹೇಳುತ್ತಿತ್ತೇ?

ಲಂಡನ್ನಿನ ಬಾಗಿಲೂ ಇದಕ್ಕೆ ಹೊರತಾಗಿರಲಿಲ್ಲ. 1943ರಲ್ಲಿ ವೆಸ್ಟ್ ಇಂಡೀಸಿನ ಪ್ರಸಿದ್ಧ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಲಾರ್ಡ್ಸ್ ಮೈದಾನದಲ್ಲಿ ಆಡಲು ಬಂದರು. ಹೆಂಡತಿ, ಮಗಳ ಜೊತೆ ಉಳಿಯಲು ಇಂಪೀರಿಯಲ್ ಹೋಟೆಲಿನಲ್ಲಿ ಮುಂಚೆಯೇ ಕೋಣೆ ಕಾದಿರಿಸಿದ್ದರು. ಬಂದ ಮೇಲೆ, ಒಂದು ರಾತ್ರಿ ಮಾತ್ರ ಇರಬಹುದು ಎಂದರು. ಕಾರಣ ಚರ್ಮದ ಬಣ್ಣ. ಹೋಟೆಲಿನಲ್ಲಿದ್ದ ಅಮೆರಿಕದ ಬಿಳಿಯರಿಗೆ ಸರಿಬರದು ಎಂಬ ನೆಪ. ಅವರು ನ್ಯಾಯಾಲಯಕ್ಕೆ ಹೋದರು. ವರ್ಣಭೇದದ ವಿರುದ್ಧ ಆಗ ಇಂಗ್ಲೆಂಡಿನಲ್ಲಿ ಕಾನೂನೇ ಇರಲಿಲ್ಲ. ಆದರೆ ಬಹು ಹಳೆಯ ಒಂದು ನ್ಯಾಯ ಇತ್ತು: ಛತ್ರ ಇಟ್ಟವನು, ಜಾಗ ಇರುವಾಗ, ತಕ್ಕ ಕಾರಣವಿಲ್ಲದೆ ದಾರಿಹೋಕನನ್ನು ತಳ್ಳುವಂತಿಲ್ಲ. ಕುದುರೆಗಾಡಿಯ ಕಾಲದ ಆ ನಿಯಮದ ಮೇಲೆಯೇ 1944ರಲ್ಲಿ ಕಾನ್‌ಸ್ಟಂಟೈನ್ ಗೆದ್ದರು. ಪರಿಹಾರ ಐದು ಗಿನಿ ಮಾತ್ರ. ಹಣ ಅಲ್ಪ, ತೀರ್ಪು ಅಲ್ಪವಲ್ಲ.

ಅದಕ್ಕೆ ಮೂರು ವರ್ಷ ಮೊದಲು ನಡೆದ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಸುರಿಸುತ್ತಿದ್ದವು. ಹೆಚ್ಚು ಪೆಟ್ಟು ತಿಂದದ್ದು ಈಸ್ಟ್ ಎಂಡ್, ಬಡವರ ಕೇರಿ. ಗಾಂಧೀಜಿ 1931ರ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಹೋಟೆಲು ಬೇಡವೆಂದು ಉಳಿದುಕೊಂಡ ಕಿಂಗ್ಸ್‌ಲಿ ಹಾಲ್ ಇದ್ದದ್ದು ಆ ಕಡೆಯೇ. ಅಲ್ಲಿನವರಿಗೆ ಸರಿಯಾದ ನೆಲಮಾಳಿಗೆಗಳಿರಲಿಲ್ಲ. ಸೆವಾಯ್ ಹೋಟೆಲಿನಲ್ಲಿ ಮಾತ್ರ ಅತಿಥಿಗಳಿಗೆ ಹಾಸಿಗೆ ಸಮೇತ ಭದ್ರವಾದ ಆಶ್ರಯ ಇತ್ತು. ಫಿಲ್ ಪಿರಾಟಿನ್ ಎಂಬ ಕಮ್ಯುನಿಸ್ಟ್ ಮುಖಂಡ ಒಂದು ರಾತ್ರಿ ಆ ಕೇರಿಯ ಹೆಂಗಸರು, ಮಕ್ಕಳನ್ನು ಕರೆದುಕೊಂಡು ನೆಟ್ಟಗೆ ಸೆವಾಯ್‌ಗೆ ನುಗ್ಗಿದ. ಪೊಲೀಸರು ಬಂದರು. ಆದರೆ ದಾಳಿಯ ಸೈರನ್ ಕೂಗುತ್ತಿರುವಾಗ ಹೊರದಬ್ಬುವುದು ಹೇಗೆ? ಮಾಣಿಗಳು ಚಹಾ ತಂದರು. ಸೆವಾಯ್ ದರ ಕೊಡುವುದಿಲ್ಲ, ಬೀದಿಯ ಚಹಾ ಅಂಗಡಿಯ ದರ ಕೊಡುತ್ತೇವೆ ಎಂದು ಬಂದವರು ಚೌಕಾಸಿ ಮಾಡಿದರು. ಹಾಗೇ ಆಯಿತು. ಅಪಾಯ ಕಳೆದ ಮೇಲೆ ಹಣ ಕೊಟ್ಟು ಮನೆಗೆ ಹೋದರು. ಆಮೇಲೆ ಸರ್ಕಾರ ಸುರಂಗ ರೈಲು ನಿಲ್ದಾಣಗಳನ್ನು ರಾತ್ರಿ ಆಶ್ರಯಕ್ಕೆ ಬಿಟ್ಟುಕೊಟ್ಟಿತು.

ಈಗ ನಮ್ಮ ಸಂವಿಧಾನದ 15ನೇ ವಿಧಿ ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳದ ಕಾರಣಕ್ಕೆ ಯಾರನ್ನೂ ತಡೆಯಬಾರದ ಜಾಗಗಳನ್ನು ಅದು ಹೆಸರಿಸುತ್ತದೆ: ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು, ಮನರಂಜನೆಯ ಸ್ಥಳ, ಆಮೇಲೆ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ದೇಶದ ಮೂಲ ಕಾನೂನಿನಲ್ಲಿ ಹೋಟೆಲಿಗೇನು ಕೆಲಸ ಎಂದು ಕೇಳಬಹುದು. ಅದನ್ನು ಬರೆದವರಿಗೆ, ಮುಖ್ಯವಾಗಿ ಅಂಬೇಡ್ಕರರಿಗೆ, ಹೋಟೆಲಿನ ಬಾಗಿಲು ಎಂದರೇನು ಎಂಬುದು ಅನುಭವದಿಂದ ಗೊತ್ತಿತ್ತು. ನಮ್ಮ ಕರ್ನಾಟಕದ ಹಳ್ಳಿ ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟು, ಹೊರಗೆ ಕೂರಿಸಿ, ಅವರಿಂದಲೇ ತೊಳೆಸಿದ ದಿನಗಳನ್ನು ಕಂಡವರು ಈ ಸಭೆಯಲ್ಲೂ ಇದ್ದಾರೆ. ಅಂಥ ಲೋಟ ಎಲ್ಲ ಕಡೆ ಹೋಗಿಬಿಟ್ಟಿದೆ ಎಂದು ಎದೆ ಮುಟ್ಟಿ ಹೇಳುವ ಧೈರ್ಯ ನನಗಿಲ್ಲ.

1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆ ಬಂತು. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರಾಯಿತು. ಅದರ ನಾಲ್ಕನೇ ಪ್ರಕರಣ ಲಂಡನ್ನಿನ ನ್ಯಾಯಾಧೀಶರಿಗೆ ಬೇಕಾಗದ ಒಂದು ವಿವರಕ್ಕೆ ಇಳಿಯುತ್ತದೆ. ಹೋಟೆಲು, ಉಪಾಹಾರಗೃಹ, ಧರ್ಮಶಾಲೆ, ಸರಾಯಿ, ಮುಸಾಫರಖಾನೆಗಳಲ್ಲಿ ಒಳಗೆ ಬರಲು ಬಿಟ್ಟರೆ ಸಾಲದು, ಜನರ ಬಳಕೆಗೆಂದು ಅಲ್ಲಿಟ್ಟ ಪಾತ್ರೆಗಳನ್ನು ಮುಟ್ಟಿ ಬಳಸಲು ತಡೆದರೂ ಅದು ಅಪರಾಧ ಎನ್ನುತ್ತದೆ. ವೆಸ್ಟ್ ಎಂಡಿನ ಬೆಳ್ಳಿ ಚಮಚಕ್ಕೂ, ಬಸ್ ನಿಲ್ದಾಣದ ಹೋಟೆಲಿನ ಸ್ಟೀಲ್ ಲೋಟಕ್ಕೂ ಅದೇ ಪ್ರಕರಣ.