ಬೈಯೂ ಬೈಯುವ ಮುನ್ನ
(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಡಾಕ್ಟರರನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಮಾತು ಬಂದೇ ಬರುತ್ತದೆ ಎಂದು ಹೆದರಿ ಕುಳಿತವರು ಸಮಾಧಾನ ಮಾಡಿಕೊಳ್ಳಿ. ಹಬ್ಬದೂಟಕ್ಕೆ ಮೊದಲು ಹೋಳಿಗೆಯ ವಿರುದ್ಧ ಮಾತನಾಡುವಷ್ಟು ಧೈರ್ಯ ನಮಗಿಲ್ಲ. ಇಂದಿನ ನಮ್ಮ ರೋಗಿಯೇ ಬೇರೆ. ಅದು ನಾವೆಲ್ಲ ಮನೆ ಮಾಡಿಕೊಂಡಿರುವ ಈ ಹ್ಯೂಸ್ಟನ್ ನಗರ.

ಊರಿನ ಪಂಡಿತರು ನಾಡಿ ಹಿಡಿದು ರೋಗ ಹೇಳುತ್ತಿದ್ದರು. ಈ ನಗರದ ನಾಡಿ ಇರುವುದು ಅದರ ಬೈಯೂಗಳಲ್ಲಿ. ನಮ್ಮ ಅಮ್ಮ ಮೊದಲ ಸಲ ಇಲ್ಲಿಗೆ ಬಂದಾಗ ಬ್ರೇಸ್ ಬೈಯೂ ದಡದಲ್ಲಿ ವಾಕಿಂಗ್ ಕರೆದುಕೊಂಡು ಹೋಗಿದ್ದೆವು. ಹೆಸರು ಕೇಳಿ, "ಬೈಯೂ ಅಂದ್ರೇನೋ? ಯಾರನ್ನ ಬೈಯೋದು?" ಎಂದು ನಕ್ಕರು. ಅಗಲವಾದ ಕಾಂಕ್ರೀಟ್ ಕಾಲುವೆ, ತಳದಲ್ಲಿ ಮೊಣಕಾಲುದ್ದ ನೀರು. "ಇದೂ ಒಂದು ಹೊಳೆಯೇ?" ಎಂದರು. ನಾವೂ ನಕ್ಕೆವು. 2017ರ ಆಗಸ್ಟ್‌ನಲ್ಲಿ ಆ ನಗು ನಿಂತುಹೋಯಿತು.

ಈ ಊರು ಹುಟ್ಟಿದ್ದೇ ಬೈಯೂ ದಡದಲ್ಲಿ. 1836ರಲ್ಲಿ ಆಲೆನ್ ಸಹೋದರರು ಬಫಲೋ ಬೈಯೂ ಮತ್ತು ವೈಟ್ ಓಕ್ ಬೈಯೂ ಸೇರುವ ಕಡೆ ನಿವೇಶನ ಮಾರಲು ಶುರುಮಾಡಿದರು. ನೆಲ ದೋಸೆಕಲ್ಲಿನಂತೆ ಸಮತಟ್ಟು. ಮಣ್ಣು ನಮ್ಮ ಬಯಲುಸೀಮೆಯ ಎರೆಮಣ್ಣಿನಂತೆ ಜಿಗುಟು, ನೀರು ಬೇಗ ಇಂಗುವುದಿಲ್ಲ. 1929 ಮತ್ತು 1935ರಲ್ಲಿ ದೊಡ್ಡ ಪ್ರವಾಹ ಬಂದ ಮೇಲೆ, 1937ರಲ್ಲಿ ಪ್ರವಾಹ ನಿಯಂತ್ರಣಕ್ಕೆಂದೇ ಒಂದು ಇಲಾಖೆ ಹುಟ್ಟಿತು. 1940ರ ದಶಕದಲ್ಲಿ ಪಶ್ಚಿಮದಲ್ಲಿ ಬಾರ್ಕರ್, ಆಡಿಕ್ಸ್ ಎಂಬ ಎರಡು ಅಣೆಕಟ್ಟುಗಳು ಬಂದವು. ಆಮೇಲೆ ಬ್ರೇಸ್, ವೈಟ್ ಓಕ್ ಬೈಯೂಗಳಿಗೆ ಕಾಂಕ್ರೀಟ್ ಹೊದಿಸಿದರು. ನೀರು ಬೇಗ ಹರಿದುಹೋದರೆ ಸಾಕು ಎನ್ನುವುದೇ ಆಗಿನ ಚಿಕಿತ್ಸೆ. ಬಫಲೋ ಬೈಯೂಗೂ ಅದೇ ಗತಿ ಬರುವುದಿತ್ತು. 1960ರ ದಶಕದಲ್ಲಿ ಟೆರ್ರಿ ಹರ್ಷಿ ಎಂಬ ಮಹಿಳೆ ನೆರೆಹೊರೆಯವರನ್ನು ಕಟ್ಟಿಕೊಂಡು ಹೋರಾಡಿದ್ದರಿಂದ ಅದರ ದಡದ ಮರಗಳು ಉಳಿದವು.

ಚಿಕಿತ್ಸೆ ಮುಗಿಯಿತು ಎಂದುಕೊಂಡವರಿಗೆ 2001ರ ಜೂನ್‌ನಲ್ಲಿ ಆಲಿಸನ್ ಪಾಠ ಕಲಿಸಿತು. ಹ್ಯಾರಿಸ್ ಕೌಂಟಿಯಲ್ಲಿ 22 ಜನ ತೀರಿಕೊಂಡರು. ನಾವು ಆಗ ಇನ್ನೂ ಊರಿನಲ್ಲಿ ಎಂಬಿಬಿಎಸ್ ಓದುತ್ತಿದ್ದೆವು. ರೆಸಿಡೆನ್ಸಿಗೆ ಬಂದಾಗ ಹಿರಿಯ ನರ್ಸುಗಳು ಆ ರಾತ್ರಿಯ ಕಥೆ ಹೇಳುತ್ತಿದ್ದರು. ಮೆಡಿಕಲ್ ಸೆಂಟರಿನ ನೆಲಮಾಳಿಗೆಗಳಿಗೆ ನೀರು ನುಗ್ಗಿತು. ವಿದ್ಯುತ್ತಿನ ಸಲಕರಣೆ ಇದ್ದದ್ದೂ ಅಲ್ಲಿಯೇ. ವೆಂಟಿಲೇಟರುಗಳು ನಿಂತಾಗ ಕೈಯಿಂದ ಬ್ಯಾಗ್ ಒತ್ತುತ್ತ ಉಸಿರು ಕೊಟ್ಟರು. ಕತ್ತಲೆಯ ಮೆಟ್ಟಿಲುಗಳಲ್ಲಿ ರೋಗಿಗಳನ್ನು ಹೊತ್ತು ಇಳಿಸಿದರು. ಆಸ್ಪತ್ರೆಗಳು ಪಾಠ ಕಲಿತವು. ನೀರು ತಡೆಯುವ ಭಾರೀ ಬಾಗಿಲುಗಳು ಬಂದವು, ವಿದ್ಯುತ್ ವ್ಯವಸ್ಥೆ ಮೇಲಿನ ಅಂತಸ್ತಿಗೆ ಏರಿತು. ಹಾಗಾಗಿ 2017ರ ಹಾರ್ವಿ ಚಂಡಮಾರುತದಲ್ಲಿ ಮೆಡಿಕಲ್ ಸೆಂಟರಿನ ಹೆಚ್ಚಿನ ಆಸ್ಪತ್ರೆಗಳು ಕೆಲಸ ನಿಲ್ಲಿಸಲಿಲ್ಲ.

ಹಾರ್ವಿ ಬಂದಾಗ ನಾಲ್ಕು ದಿನಗಳಲ್ಲಿ ಕೌಂಟಿಯ ಎಷ್ಟೋ ಕಡೆ 40 ಇಂಚಿಗೂ ಹೆಚ್ಚು ಮಳೆ ಸುರಿಯಿತು. ಬೆಂಗಳೂರಿನ ಇಡೀ ವರ್ಷದ ಮಳೆಯೇ ಸುಮಾರು 38 ಇಂಚು! ನಾವು ಮೂರು ರಾತ್ರಿ ಆಸ್ಪತ್ರೆಯಲ್ಲೇ ಉಳಿದೆವು. ಡಯಾಲಿಸಿಸ್ ತಪ್ಪಿಹೋದವರು, ಇನ್ಸುಲಿನ್ ನೀರು ಪಾಲಾದವರು ದೋಣಿಯಲ್ಲಿ, ಲಾರಿಯಲ್ಲಿ ಬಂದರು. ಮನೆಯಲ್ಲಿ ಮಕ್ಕಳು ದೇವರ ಪಟ, ಪಾಸ್‌ಪೋರ್ಟ್, ಅಕ್ಕಿಚೀಲ ಎಲ್ಲವನ್ನೂ ಮಹಡಿಗೆ ಹೊತ್ತರು. "ಅಪ್ಪಾ, ನೀರು ಬಾಗಿಲ ಹತ್ರ ಬಂತು" ಎಂದು ಮಗಳು ಫೋನ್ ಮಾಡಿದಾಗ ರೋಗಿಯ ಮುಂದೆ ನಿಂತಿದ್ದ ನಮ್ಮ ಕೈ ನಡುಗಿದ್ದು ನಿಜ. ನೀರು ಹೊಸ್ತಿಲು ದಾಟಿ ಒಳಗೆ ಬಂತು. ಮನೆ ಕೊಳ್ಳುವಾಗ, "ಇದು ಪ್ರವಾಹದ ನಕ್ಷೆಯಲ್ಲಿಲ್ಲ, ವಿಮೆ ಬೇಡ" ಎಂದಿದ್ದರು, ನಾವೂ ನಂಬಿದ್ದೆವು. ಕೌಂಟಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ನೀರು ನುಗ್ಗಿತು. ಅವುಗಳಲ್ಲಿ ಸುಮಾರು 70,000 ಮನೆಗಳು ನಕ್ಷೆಯಲ್ಲಿ ಗುರುತಿಸಿದ ಪ್ರವಾಹ ವಲಯಗಳ ಹೊರಗಿದ್ದವು. ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ವಿಮೆ ಇರಲಿಲ್ಲ. ನಮ್ಮ ಗೋಡೆ ಒಡೆದು, ಒದ್ದೆ ಕಾರ್ಪೆಟ್ ಹೊರಗೆಳೆದು, ತಿಂಗಳುಗಟ್ಟಲೆ ಸಾರು ಅನ್ನ ಕಳಿಸಿದವರು ಈ ಸಭೆಯಲ್ಲೇ ಕುಳಿತಿದ್ದೀರಿ. ಆ ಋಣ ತೀರುವಂಥದ್ದಲ್ಲ.

ಈಗ ರೋಗಿಯ ಭವಿಷ್ಯದ ಮಾತು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಕೊಲ್ಲಿಯ ನೀರು ಬಿಸಿಯಾದಷ್ಟೂ ಮಳೆ ದಪ್ಪವಾಗುತ್ತದೆ. ನೂರು ವರ್ಷಕ್ಕೊಮ್ಮೆ ಬರುವ ಒಂದು ದಿನದ ಮಳೆ ಎಂದು ಹ್ಯೂಸ್ಟನ್‌ಗೆ ಲೆಕ್ಕ ಹಾಕಿದ್ದು ಸುಮಾರು 13 ಇಂಚು. 2018ರಲ್ಲಿ ಅದನ್ನು ತಿದ್ದಿ ಸುಮಾರು 18 ಇಂಚು ಎಂದರು. ಎಂದರೆ ಹಳೆಯ ಲೆಕ್ಕದ ಮೇಲೆ ಕಟ್ಟಿದ ಚರಂಡಿ, ಸೇತುವೆ, ಮನೆ ಎಲ್ಲವೂ ಚಿಕ್ಕ ಅಳತೆಯ ಅಂಗಿಯಂತಾದವು. ಮೇಲಾಗಿ ಪಶ್ಚಿಮದ ಕೇಟಿ ಕಡೆ, ನೀರು ಹಿಡಿದಿಡುತ್ತಿದ್ದ ಹುಲ್ಲುಗಾವಲಿನ ಮೇಲೆ ನಾವೇ ಹೊಸ ಮನೆ ಕೊಳ್ಳುತ್ತಿದ್ದೇವೆ. ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಆದರೆ ರೋಗಿ ಕೈಬಿಡುವಂಥವನಲ್ಲ. ಹಾರ್ವಿಯ ವರ್ಷ ತುಂಬಿದ ದಿನವೇ, 2018ರ ಆಗಸ್ಟ್ 25ರಂದು, ಜನ 250 ಕೋಟಿ ಡಾಲರಿನ ಪ್ರವಾಹ ನಿಯಂತ್ರಣ ಬಾಂಡಿಗೆ ಮತ ಹಾಕಿದರು. ಬ್ರೇಸ್ ಬೈಯೂವನ್ನು ಮೈಲಿಗಟ್ಟಲೆ ಅಗಲ ಮಾಡಿ, ಸೇತುವೆಗಳನ್ನು ಬದಲಿಸಿ, ನೀರು ನಿಲ್ಲಲು ದೊಡ್ಡ ಹೊಂಡಗಳನ್ನು ತೋಡಿದ್ದಾರೆ. ಓಡಿಸುವುದರ ಜೊತೆಗೆ ನಿಲ್ಲಿಸುವ ಬುದ್ಧಿಯೂ ಬಂದಿದೆ. ಇದು ನಮ್ಮ ಹಿರಿಯರ ಕೆರೆಯ ಬುದ್ಧಿಯೇ ಅಲ್ಲವೇ? ಆ ಬುದ್ಧಿಯನ್ನು ಬೆಂಗಳೂರು ಮರೆತು, ಧರ್ಮಾಂಬುಧಿ ಕೆರೆಯಲ್ಲಿ ಬಸ್ ನಿಲ್ದಾಣ ಕಟ್ಟಿತು, ರಾಜಕಾಲುವೆಗಳನ್ನು ಒತ್ತಿಕೊಂಡಿತು. 2022ರ ಸೆಪ್ಟೆಂಬರಿನಲ್ಲಿ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ನಾವು ಬಿಟ್ಟು ಬಂದ ಊರೂ, ಸೇರಿದ ಊರೂ ಒಂದೇ ಪರೀಕ್ಷೆಗೆ ಕುಳಿತಿವೆ.

ಡಾಕ್ಟರರು ಚೀಟಿ ಬರೆಯದೆ ಕಳಿಸುವುದಿಲ್ಲ. ಒಂದು: ನಿಮ್ಮ ಮನೆಯ ನೀರು ಯಾವ ಬೈಯೂ ಸೇರುತ್ತದೆ ಎಂದು ಇಂದೇ ತಿಳಿದುಕೊಳ್ಳಿ. ಎರಡು: ಪ್ರವಾಹದ ವಿಮೆ ಮನೆಯ ವಿಮೆಯಲ್ಲಿ ಸೇರಿರುವುದಿಲ್ಲ. ಸರ್ಕಾರದ ವಿಮೆ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಮೋಡ ನೋಡಿ ಕೊಳ್ಳುವ ಸಾಮಾನು ಅದಲ್ಲ. ಮೂರು: ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರ ಔಷಧಿ ಎರಡು ವಾರಕ್ಕಾಗುವಷ್ಟು ಒಂದು ಚೀಲದಲ್ಲಿ ಸಿದ್ಧವಿರಲಿ. 2024ರ ಜುಲೈನಲ್ಲಿ ಬೆರಿಲ್ ಬಂದಾಗ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಗಿ, ಸೆಖೆಯೇ ಜನರ ಪ್ರಾಣ ತೆಗೆಯಿತು. ನಾಲ್ಕು: ಸಂಘದ ದೂರವಾಣಿ ಪಟ್ಟಿಯಲ್ಲಿ ಒಂಟಿಯಾಗಿರುವ ಹಿರಿಯರ ಹೆಸರಿಗೆ ಗುರುತು ಹಾಕಿ, ಒಂದೊಂದು ಕುಟುಂಬ ಒಬ್ಬೊಬ್ಬರ ಹೊಣೆ ಹೊರಲಿ. ಐದು: ಬಾಂಡು, ಚರಂಡಿ, ಬಡಾವಣೆಯ ಸಭೆಗಳಿಗೆ ಹೋಗಿ. ಮತವಿರುವವರು ಮತ ಹಾಕಿ.

ಕಳೆದ ಸಲ ಅಮ್ಮ ಬಂದಾಗ ಅದೇ ದಡದಲ್ಲಿ ಮತ್ತೆ ನಡೆದೆವು. ಬೈಯೂವಿಗೆ ಕೈಮುಗಿದು, "ಇನ್ನೊಂದ್ಸಲ ಬೈಬೇಡಮ್ಮ" ಎಂದರು. ಪ್ರಾರ್ಥನೆ ಅವರದು. ಸಿದ್ಧತೆ ನಮ್ಮೆಲ್ಲರದು.

ಹೋಳಿಗೆ ಕಾಯುತ್ತಿದೆ.