ತಂತಿಯ ಜವಾರಿ, ಮೈಕಿನ ಕಿವಿ

(ಹುಣಸಗಿಯಲ್ಲಿ ಸಂಗೀತಾಸಕ್ತರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಹುಣಸಗಿಗೆ ಬಂದು ಜಾಝ್ ಗಿಟಾರಿನ ಮಾತು ಎತ್ತಿದರೆ ನಿಮಗೆ ನಗು ಬರಬಹುದು. ಕೊಡೇಕಲ್ಲು ಇಲ್ಲೇ ಹತ್ತಿರ, ತಿಂಥಣಿ ದೂರವಲ್ಲ. ಏಕತಾರಿ, ದಮ್ಮಡಿ, ತಾಳ ಹಿಡಿದು ಬೆಳಗಾಗುವ ತನಕ ತತ್ವಪದ ಹಾಡುವ ಸೀಮೆ ಇದು. ಇಲ್ಲಿ ಅಮೆರಿಕದ ಗಿಟಾರಿಗೇನು ಕೆಲಸ? ಆದರೂ ಎತ್ತುತ್ತೇನೆ. ಏಕೆಂದರೆ ನನ್ನನ್ನು ಇಂದು ಇಲ್ಲಿಗೆ ಎಳೆದು ತಂದದ್ದೇ ಅಂಥದೊಂದು ಗಿಟಾರು.

ಈ ಭಾಗದ ಒಬ್ಬ ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾನೆ. ಸಂಬಳ ಕೂಡಿಟ್ಟು ಆರ್ಚ್‌ಟಾಪ್ ಎಂಬ ಗಿಟಾರು ಕೊಂಡಿದ್ದಾನೆ. ಎರಡು ವರ್ಷದಿಂದ ಅವನಿಗೆ ಒಂದೇ ಹಂಬಲ: ಹಳೆಯ ಜಾಝ್ ರೆಕಾರ್ಡುಗಳಲ್ಲಿ ಕೇಳುವ ಆ ದುಂಡು, ಬೆಚ್ಚಗಿನ ನಾದ ತನ್ನ ಗಿಟಾರಿನಿಂದಲೂ ಹೊರಡಬೇಕು, ಹೊರಟದ್ದು ಹಾಗೆಯೇ ಮುದ್ರಣವಾಗಬೇಕು. ತಂತಿ ಬದಲಿಸಿದ, ಆಂಪ್ಲಿಫೈಯರ್ ಬದಲಿಸಿದ, ಮೈಕು ಬದಲಿಸಿದ. ಕೊನೆಗೆ, ಧ್ವನಿಮುದ್ರಣದಲ್ಲಿ ಕೂದಲು ಬೆಳ್ಳಗಾಗಿಸಿಕೊಂಡ ನನ್ನ ಹತ್ತಿರ ಬಂದ. ಅವನು ಯಾರ ಮೊಮ್ಮಗ ಎಂದು ತಿಳಿದಾಗ ನನಗೆ ಮಾತು ಹೊರಡಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ವಾದ್ಯ ಎಂಥದೆಂದು ನೋಡೋಣ. ಸಾಮಾನ್ಯ ಗಿಟಾರಿನ ಎದೆ ಚಪ್ಪಟೆ ಹಲಗೆ. ಆರ್ಚ್‌ಟಾಪಿನದು ಪಿಟೀಲಿನಂತೆ ಕೆತ್ತಿ ಉಬ್ಬಿಸಿದ ಎದೆ. 1890ರ ದಶಕದಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದ ಕಲಮಜೂ ಎಂಬ ಊರಿನಲ್ಲಿ ಆರ್ವಿಲ್ ಗಿಬ್ಸನ್ ಎಂಬಾತ ಇಂಥ ವಾದ್ಯಗಳನ್ನು ಕೆತ್ತತೊಡಗಿದ. 1898ರಲ್ಲಿ ಹಕ್ಕುಪತ್ರವನ್ನೂ ಪಡೆದ. 1922ರ ಹೊತ್ತಿಗೆ ಗಿಬ್ಸನ್ ಕಂಪನಿಯಲ್ಲಿದ್ದ ಲಾಯ್ಡ್ ಲೋರ್ ಎಂಬಾತ ದುಂಡು ರಂಧ್ರದ ಬದಲು ಪಿಟೀಲಿನಂಥ ಎರಡು ಸೀಳುಗಳನ್ನು ಕೊರೆದು ಎಲ್-5 ಎಂಬ ಮಾದರಿ ತಂದ. ಉದ್ದೇಶ ಸರಳ. ತುತ್ತೂರಿ, ಡ್ರಮ್ಮುಗಳ ಗದ್ದಲದ ನಡುವೆ ಗಿಟಾರು ಕೇಳಿಸಬೇಕು, ಅಷ್ಟೆ. ಅದರ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಿಂದಲೇ ನಿಂತಿರುತ್ತದೆ. ಮೀಟಿದೊಡನೆ ಪಟ್ಟನೆ ಚಿಮ್ಮಿ ಬೇಗ ಅಡಗುವ ನಾದ ಅದರದು. 1936ರಲ್ಲಿ ಇದೇ ಉಬ್ಬೆದೆಯ ಗಿಟಾರಿಗೆ ವಿದ್ಯುತ್ ಜೋಡಿಸಿದ ಮಾದರಿ ಬಂತು. 1939ರಿಂದ ಬೆನ್ನಿ ಗುಡ್‌ಮನ್ ತಂಡದಲ್ಲಿ ಅದನ್ನು ನುಡಿಸಿದ ಚಾರ್ಲಿ ಕ್ರಿಶ್ಚಿಯನ್ ಹಿಂದೆ ಕೂತು ತಾಳ ಕೊಡುತ್ತಿದ್ದ ಗಿಟಾರನ್ನು ಮುಂದೆ ತಂದು ಹಾಡಿಸಿದ. 1942ರಲ್ಲಿ, ಇನ್ನೂ ಇಪ್ಪತ್ತೈದರ ಪ್ರಾಯದಲ್ಲಿ, ಕ್ಷಯದಿಂದ ತೀರಿಕೊಂಡ.

ಜಾಝ್ ಗಿಟಾರಿಗರು ಮೆಚ್ಚುವ ನಾದ ಮಬ್ಬಾದದ್ದು. ಮೇಲಿನ ಹೊಳಪನ್ನು ಗುಂಡಿ ತಿರುಗಿಸಿ ಇಳಿಸುತ್ತಾರೆ. ತಂತಿಯೂ ನುಣುಪು ಪಟ್ಟಿ ಸುತ್ತಿದ್ದೇ ಬೇಕು. ವೆಸ್ ಮಾಂಟ್‌ಗೊಮೆರಿಯಂತೂ ಬರೀ ಹೆಬ್ಬೆರಳಿನಿಂದ ಮೀಟುತ್ತಿದ್ದ. ಏಕೆ ಹೀಗೆ? ಅವರದು ನಾಲ್ಕಾರು ಸ್ವರಗಳನ್ನು ಒಮ್ಮೆಗೇ ನುಡಿಸುವ ಸಂಗೀತ. ಒಂದು ತಂತಿ ಮೀಟಿದರೆ ಒಂದೇ ಸ್ವರ ಹೊರಡುವುದಿಲ್ಲ, ಅದರ ಬೆನ್ನಿಗೆ ಹತ್ತಾರು ಸಣ್ಣ ಉಪಸ್ವರಗಳೂ ಹೊರಡುತ್ತವೆ. ನಾಲ್ಕು ಸ್ವರಗಳ ಹಿಂದಿನ ಉಪಸ್ವರಗಳೆಲ್ಲ ಸೇರಿ ಸಂತೆ ನೆರೆದರೆ ಕಿವಿಗೆ ಕಿರಿಕಿರಿ. ಆದ್ದರಿಂದ ಅವುಗಳ ಬಾಯಿ ಮುಚ್ಚಿಸುತ್ತಾರೆ.

ನಮ್ಮ ತಂಬೂರಿಯ ದಾರಿ ಇದಕ್ಕೆ ನೇರ ಉಲ್ಟಾ. ಅಲ್ಲಿ ಇರುವುದು ಪಂಚಮ, ಷಡ್ಜ ಎರಡೇ. ಹಾಗಾಗಿ ಉಪಸ್ವರಗಳನ್ನೆಲ್ಲ ಹೊರಗೆ ಬರಲು ಬಿಡಬಹುದು. ಬಿಡುವುದಕ್ಕೆಂದೇ ನಮ್ಮವರು ಒಂದು ಉಪಾಯ ಮಾಡಿದ್ದಾರೆ. ಅದರ ಹೆಸರು ಜವಾರಿ. ನಮ್ಮ ಕಡೆ ಜವಾರಿ ಎಂದರೆ ಜವಾರಿ ಜೋಳ, ಜವಾರಿ ಕೋಳಿ, ಜವಾರಿ ಮಾತು. ಈ ಜವಾರಿ ಬೇರೆ, ಹಿಂದೂಸ್ತಾನಿ ವಾದ್ಯಗಾರರ ಮಾತು. ಆದರೆ ತಪ್ಪು ತಿಳಿದರೂ ನಷ್ಟವಿಲ್ಲ. ನಾದವೂ ಹೈಬ್ರಿಡ್ ಆಗಬಾರದಲ್ಲ!

ತಂಬೂರಿಯ ಕುದುರೆಯನ್ನು ಹತ್ತಿರದಿಂದ ನೋಡಿ. ಗಿಟಾರಿನಂತೆ ಚೂಪು ಅಂಚಲ್ಲ, ಸಣ್ಣ ಮಣೆಯಂತೆ ಅಗಲವಾಗಿದೆ. ಮೇಲ್ಮೈ ತುಸುವೇ, ಕಣ್ಣಿಗೆ ಕಾಣದಷ್ಟು, ಇಳಿಜಾರು. ತಂತಿ ನಡುಗುವಾಗ ಈ ಇಳಿಜಾರನ್ನು ಮುಟ್ಟುತ್ತ ಬಿಡುತ್ತ ಇರುತ್ತದೆ. ತಂತಿಗೂ ಮಣೆಗೂ ನಡುವೆ ಒಂದು ಹತ್ತಿಯ ಎಳೆ ತೂರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ನಾದ ಹೂವಿನಂತೆ ಬಿಚ್ಚಿಕೊಳ್ಳುತ್ತದೆ. ಒಂದಿಷ್ಟು ಆಚೆ ಹೋದರೆ ದನಿ ಕಟ್ಟಿತು, ಈಚೆ ಬಂದರೆ ತಗಡು ಬಡಿದಂತಾಯಿತು. ದಿನಾ ನುಡಿಸಿದರೆ ತಂತಿ ಕುದುರೆಯಲ್ಲಿ ಗೀರು ಕೊರೆಯುತ್ತದೆ, ಆಗ ಮತ್ತೆ ಅರ ಹಿಡಿದು ತಿದ್ದಬೇಕು. ಒಂದು ಅರೆ ಹೆಚ್ಚಾದರೆ ಕುದುರೆಯೇ ಹೋಯಿತು. ಬಲ್ಲವರ ಕೈ ಬೇಕು.

ಇದರೊಳಗಿನ ವಿಜ್ಞಾನವನ್ನು ಮೊದಲು ಹಿಡಿದವರು ಸಿ.ವಿ. ರಾಮನ್. ಅವರು ಆಗ ಕಲ್ಕತ್ತೆಯಲ್ಲಿದ್ದರು. ತಂತಿಯನ್ನು ಸರಿಯಾಗಿ ನಡುಮಧ್ಯೆ ಮೀಟಿದರೆ ಅದರ ಇಮ್ಮಡಿ ಸ್ವರ ಹೊರಡಲಾರದು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೇಳಿದ ನಿಯಮ. ಮೀಟಿದ ಜಾಗದಲ್ಲಿ ಯಾವ ಉಪಸ್ವರ ನಿಶ್ಚಲವಾಗಿರಬೇಕೋ ಅದು ಹುಟ್ಟುವುದಿಲ್ಲ. ಯೂರೋಪಿನ ವಾದ್ಯಗಳೆಲ್ಲ ಈ ನಿಯಮಕ್ಕೆ ತಲೆಬಾಗುತ್ತವೆ. ತಂಬೂರಿ, ವೀಣೆಗಳು ಬಾಗುವುದಿಲ್ಲ, ಹುಟ್ಟಬಾರದ ಸ್ವರವೂ ಅವುಗಳಲ್ಲಿ ಗಟ್ಟಿಯಾಗಿಯೇ ಕೇಳುತ್ತದೆ, ಇದು ಆ ಅಗಲ ಕುದುರೆಯ ಮಹಿಮೆ ಎಂದು ರಾಮನ್ 1921ರಲ್ಲಿ ಬರೆದರು. ಅವರಿಗೆ ನೊಬೆಲ್ ಬಂದದ್ದು ಒಂಬತ್ತು ವರ್ಷಗಳ ನಂತರ, ಬೇರೆ ಕೆಲಸಕ್ಕೆ. ನಮ್ಮ ಶಾಲೆಗಳಲ್ಲಿ ಆ ಬೆಳಕಿನ ಪಾಠವಿದೆ, ಈ ನಾದದ ಪಾಠವಿಲ್ಲ.

ಇದರ ಫಲ ಏನು ಗೊತ್ತೇ? ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯ ಖರಜ ತಂತಿಯಿಂದ ಗಾಂಧಾರ ಕೇಳಿಸುತ್ತದೆ. ಅಲ್ಲಿ ಗಾಂಧಾರದ ತಂತಿಯೇ ಇಲ್ಲ, ಯಾರೂ ಮೀಟಿಲ್ಲ. ಅದು ಷಡ್ಜದ ಐದನೆಯ ಉಪಸ್ವರ. ಗಾಯಕ ಕಣ್ಣು ಮುಚ್ಚಿ ಕಾಯುವುದು ಅದಕ್ಕೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ತಂಬೂರಿ ಕೂಡಿಸುವುದರಲ್ಲಿ ಹೆಸರಾದವರು. ಕುಂದಗೋಳದ ಸವಾಯಿ ಗಂಧರ್ವರಿಗೆ ಅವರೇ ಗುರು. ಗಂಗೂಬಾಯಿ, ಭೀಮಸೇನ ಜೋಶಿಯವರಿಗೆ ಆ ನಾದದ ಹುಚ್ಚು ಹತ್ತಿದ್ದು ಅದೇ ಹಾದಿಯಲ್ಲಿ.

ಖಾನಸಾಹೇಬರು ನೆಲೆಸಿದ್ದ ಮೀರಜವೇ ತಂಬೂರಿಗಳ ತವರು. ಕತ್ತಿ ಗುರಾಣಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಕತ್ತಿಯ ಕಾಲ ಮುಗಿದಾಗ, 19ನೆಯ ಶತಮಾನದಲ್ಲಿ, ಈ ಕಸುಬಿಗೆ ತಿರುಗಿದರು. 2024ರಲ್ಲಿ ಅಲ್ಲಿನ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಸೂಚಕ ಸಿಕ್ಕಿತು. ತಂಬೂರಿಯ ಹೊಟ್ಟೆಯಾಗುವ ದೊಡ್ಡ ಸೋರೆಬುರುಡೆ ಬೆಳೆಯುವುದು ಪಂಢರಪುರದ ಆಸುಪಾಸಿನ ಹೊಲಗಳಲ್ಲಿ, ಭೀಮಾ ನದಿಯ ಸೀಮೆಯಲ್ಲಿ. ಅದೇ ಭೀಮೆ ಕೆಳಗೆ ಹರಿದು ನಮ್ಮ ಯಾದಗಿರಿಯನ್ನು ದಾಟಿ ಕೃಷ್ಣೆಯನ್ನು ಸೇರುತ್ತಾಳೆ. ಬುರುಡೆ ಆರಿಸುವವರು ಬೆರಳಿನಿಂದ ತಟ್ಟಿ ಕೇಳುತ್ತಾರೆ. ಕಲಮಜೂವಿನ ಬಡಗಿಯೂ ಗಿಟಾರಿನ ಎದೆಯನ್ನು ತಟ್ಟಿ ಕೇಳುತ್ತಿದ್ದ. ಸಂತೆಯಲ್ಲಿ ಮಡಕೆ ಕೊಳ್ಳುವ ನಮ್ಮ ತಾಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ನಾದ ಹುಟ್ಟಿಸುವುದು ಒಂದು ವಿದ್ಯೆ, ಹಿಡಿದಿಡುವುದು ಇನ್ನೊಂದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಒಂದು ದೊಡ್ಡ ಕೊಳವೆಯೊಳಗೆ. ಆ ಕಾಲದ ಮೇಣದ ತಟ್ಟೆಯ ಮೇಲೆ ಸೆಕೆಂಡಿಗೆ ಸುಮಾರು 2500 ಕಂಪನಗಳಾಚೆಗಿನದು ಬಹುಪಾಲು ಬೀಳುತ್ತಲೇ ಇರಲಿಲ್ಲ. ತಂಬೂರಿಯ ಜವಾರಿ ಇರುವುದೆಲ್ಲ ಮೇಲ್ಗಡೆಯೇ. ಹಾಗಾಗಿ ಅಂದಿನ ತಟ್ಟೆಗಳಲ್ಲಿ ಗಾಯಕರಿದ್ದಾರೆ, ತಂಬೂರಿ ಇಲ್ಲವೆನ್ನುವಷ್ಟು ಕಡಿಮೆ. 1925ರ ನಂತರ ವಿದ್ಯುತ್ ಮೈಕು ಬಂತು. 1930ರ ದಶಕದಲ್ಲಿ ಗಂಗೂಬಾಯಿ, ಮಲ್ಲಿಕಾರ್ಜುನ ಮನಸೂರರು ರೆಕಾರ್ಡು ಕೊಡುವ ಹೊತ್ತಿಗೆ ಪರಿಸ್ಥಿತಿ ಸುಧಾರಿಸಿತ್ತು. ಆದರೂ ಮೂರು ಮೂರೂವರೆ ನಿಮಿಷದಲ್ಲಿ ರಾಗ ಮುಗಿಸುವ ಅವಸರದಲ್ಲಿ ತಂಬೂರಿಯನ್ನು ಕೇಳುವವರಾರು?

ಆರ್ಚ್‌ಟಾಪ್ ನಮ್ಮ ದೇಶಕ್ಕೆ ಬಂದಾಗ ಏನಾಯಿತೆಂಬುದು ಇಲ್ಲಿ ಸ್ವಾರಸ್ಯದ ಸಂಗತಿ. ಜೋಧಪುರದ ಬ್ರಿಜ್‌ಭೂಷಣ್ ಕಾಬ್ರಾ ಅದನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳನ್ನು ಎತ್ತರಿಸಿ, ಉಕ್ಕಿನ ತುಂಡು ಜಾರಿಸುತ್ತ ರಾಗ ನುಡಿಸಿದರು. ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾರ ಜೊತೆ 1967ರ 'ಕಾಲ್ ಆಫ್ ದಿ ವ್ಯಾಲಿ'ಯಲ್ಲಿ ಅದನ್ನು ಕೇಳಬಹುದು. ಜೈಪುರದ ವಿಶ್ವಮೋಹನ್ ಭಟ್ಟರು ಅದೇ ಉಬ್ಬೆದೆಗೆ ಶ್ರುತಿಯ ತಂತಿ, ತರಬಿನ ತಂತಿಗಳನ್ನು ಬಿಗಿದು ಮೋಹನ ವೀಣೆ ಮಾಡಿದರು. ಅಲ್ಲಿ ಬಾಯಿ ಮುಚ್ಚಿಸಿದ್ದ ಉಪಸ್ವರಗಳಿಗೆ ಇಲ್ಲಿ ಮತ್ತೆ ಬಾಯಿ ಬಂತು! ರೈ ಕೂಡರ್ ಜೊತೆ ಅವರು ನುಡಿಸಿ, 1993ರಲ್ಲಿ ಹೊರಬಂದು ಮರುವರ್ಷ ಗ್ರ್ಯಾಮಿ ಪಡೆದ ಮುದ್ರಣ ನಡೆದದ್ದು ಸ್ಟುಡಿಯೋದಲ್ಲಲ್ಲ, ಕ್ಯಾಲಿಫೋರ್ನಿಯಾದ ಒಂದು ಪ್ರಾರ್ಥನಾ ಮಂದಿರದಲ್ಲಿ. ಮೈಕುಗಳನ್ನು ವಾದ್ಯದ ಬಾಯಿಗೆ ತುರುಕದೆ, ಒಳ್ಳೆಯ ಕೇಳುಗನೊಬ್ಬ ಕೂರುವ ಜಾಗದಲ್ಲಿ ಇಟ್ಟಿದ್ದರು.

ಈ ಬುದ್ಧಿ ನನಗೆ ಮೊದಲೇ ಇರಬೇಕಿತ್ತು. ಮೂವತ್ತು ವರ್ಷಗಳ ಹಿಂದೆ, ಕ್ಯಾಸೆಟ್ಟಿನ ಕಾಲದಲ್ಲಿ, ಈ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಬ್ಬ ಮುತ್ಯಾನ ತತ್ವಪದಗಳನ್ನು ಮುದ್ರಿಸಿಕೊಂಡೆ. ಸಾಹಿತ್ಯ ಸ್ಪಷ್ಟವಾಗಲೆಂದು ಮೈಕನ್ನು ಅವರ ಬಾಯಿಗೇ ಹಿಡಿದಿದ್ದೆ. ಏಕತಾರಿ ಇದ್ದದ್ದು ಅವರ ಬಲ ಭುಜದ ಮೇಲೆ. ಸೋರೆಬುರುಡೆ, ಬಿದಿರುಕೋಲು, ಚರ್ಮದ ಹೊದಿಕೆ, ಒಂದು ತಂತಿ. ಅದರ ಮೇಲೆ ನನ್ನ ಲಕ್ಷ್ಯವೇ ಇರಲಿಲ್ಲ. ನನ್ನ ಯಂತ್ರವೋ, ದನಿ ಜೋರಾದರೆ ತಾನೇ ತಗ್ಗಿಸುವ, ದನಿ ನಿಂತರೆ ತಾನೇ ಏರಿಸುವ ಜಾತಿಯದು. ಹಾಡುವಾಗ ಏಕತಾರಿ ಮುಳುಗಿತು. ಹಾಡು ನಿಂತಾಗ ಎದ್ದದ್ದು ಯಂತ್ರದ ಗುಂಯ್ ಸದ್ದು.

ಆ ಮುತ್ಯಾ ಈಗಿಲ್ಲ. ಗಿಟಾರಿನ ಹುಡುಗ ಅವರ ಮೊಮ್ಮಗ. ಕ್ಯಾಸೆಟ್ಟು ಕೇಳಿಸಿದೆ. ಪೂರ್ತಿ ಕೇಳಿ ಅವನು ಹೇಳಿದ್ದು ಇಷ್ಟೇ: "ಕಾಕಾ, ಇದರಾಗ ನಮ್ಮ ಮುತ್ಯಾ ಅದಾನ್ರೀ, ಏಕತಾರಿ ಇಲ್ಲಲ್ರೀ. ನನಗ ನೆನಪಿರೋದು ಅದೇ." ಅವನು ಗಿಟಾರಿನಲ್ಲಿ ಹುಡುಕುತ್ತಿದ್ದದ್ದು ಬರೀ ಜಾಝ್ ನಾದವನ್ನಲ್ಲ ಎಂದು ನನಗೆ ಆಗ ಅನ್ನಿಸಿತು. ಅವನಿಗೆ ಹಾಗೆ ಹೇಳಲಿಲ್ಲ.

ಅವನ ಗಿಟಾರಿನ ತೊಂದರೆ ಒಂದು ಸಂಜೆಯಲ್ಲಿ ತೀರಿತು. ಆಂಪ್ಲಿಫೈಯರಿನ ಮುಂದೆ ಒಂದು ಮೈಕು, ಗಿಟಾರಿನಿಂದ ಮೊಳ ದೂರದಲ್ಲಿ ಇನ್ನೊಂದು. ಎರಡನ್ನೂ ಹದವಾಗಿ ಬೆರೆಸಿದೆವು. ಮೀಟುವ ಜಾಗವನ್ನು ಎರಡು ಬೆರಳು ಕತ್ತಿನ ಕಡೆ ಸರಿಸಿದ. ಅಷ್ಟೇ.

ಏಕತಾರಿಯದು ಅಷ್ಟು ಸುಲಭವಲ್ಲ. ಈಗ ಎಲ್ಲರ ಜೇಬಿನಲ್ಲೂ ಮುದ್ರಣ ಯಂತ್ರವಿದೆ, ಇನ್ನೇನು ಚಿಂತೆ ಎನ್ನಬಹುದು. 2020ರ ಲಾಕ್‌ಡೌನಿನಲ್ಲಿ ಫೋನಿನ ಮೂಲಕ ಸಂಗೀತ ಪಾಠ ಹೇಳಿದವರನ್ನು ಕೇಳಿ. ಗುರುಗಳು ತಂಬೂರಿ ಮೀಟುತ್ತಲೇ ಇದ್ದಾರೆ, ಆ ತುದಿಯಲ್ಲಿ ಶಿಷ್ಯನಿಗೆ ಅದು ಒಂದೆರಡು ಕ್ಷಣ ಕೇಳಿಸಿ ಮಾಯ! ಮಾತನ್ನು ಮಾತ್ರ ಉಳಿಸಿ ಗದ್ದಲವನ್ನು ತೆಗೆಯಲು ಆ ಯಂತ್ರಗಳಿಗೆ ಕಲಿಸಿದ್ದಾರೆ. ಏರಿಳಿತವಿಲ್ಲದೆ ಒಂದೇ ಸಮ ಬರುವ ದನಿ ಅವುಗಳ ಲೆಕ್ಕದಲ್ಲಿ ಫ್ಯಾನಿನ ಸದ್ದು. ಆಧಾರ ಶ್ರುತಿಯೂ ಒಂದೇ ಸಮ ಬರುವಂಥದೇ ಅಲ್ಲವೇ? ಸಾವಿರಾರು ವಿಡಿಯೋಗಳಲ್ಲಿ ತತ್ವಪದಗಳು ಹರಿದಾಡುತ್ತಿವೆ, ಸಂತೋಷ. ಅವುಗಳಲ್ಲಿ ಎಷ್ಟರಲ್ಲಿ ಏಕತಾರಿ ಉಳಿದಿದೆ, ಕಿವಿಗೊಟ್ಟು ನೋಡಿ. ಬೆಂಗಳೂರಿನ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ತಂಬೂರಿ ತಂದರು. ಅದನ್ನು ನಾನು ಬೈಯುವವನಲ್ಲ, ಬಡ ವಿದ್ಯಾರ್ಥಿಗೆ ಅದು ದೊಡ್ಡ ಆಸರೆ. ಆದರೆ ಈ ಪೆಟ್ಟಿಗೆಯ ನಾದ ಆ ಮುತ್ಯಾನ ಬುರುಡೆಯ ನಾದವಲ್ಲ. ಒಂದೊಂದು ಬುರುಡೆಗೂ ಅದರದೇ ಕಂಠವಿದೆ.

ಹುಡುಗನ ಮನೆಯ ಅಟ್ಟದಲ್ಲಿ ಆ ಏಕತಾರಿ ಸಿಕ್ಕಿದೆ. ಬುರುಡೆ ಬಿರಿದಿತ್ತು, ಅಂಟು ಹಾಕಿಸಿದ್ದೇವೆ. ಚರ್ಮ ಹೊಸದು, ತಂತಿಯೂ ಹೊಸದು. ಹಾಗಾಗಿ ನಾದ ಹಳೆಯದೇ ಎಂದು ನಾನು ಪ್ರಮಾಣ ಮಾಡುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರಲ್ಲಿ ಐದಾರು ಮಂದಿ ಮುತ್ಯಾನ ಜೊತೆ ಭಜನೆಗೆ ಕೂತವರು. ಅವರು ಹೌದು ಎನ್ನುವ ತನಕ ತಂತಿ ಬಿಗಿಯುತ್ತ ಇಳಿಸುತ್ತ ಹೋಗೋಣ. ಹೌದು ಎಂದ ಮೇಲೆ ಮುದ್ರಿಸೋಣ. ಮೈಕನ್ನು ಬಾಯಿಗೆ ಹಿಡಿಯುವುದಿಲ್ಲ, ನೀವು ಕೂತಲ್ಲೇ, ನಿಮ್ಮ ಕಿವಿಯ ಎತ್ತರಕ್ಕೆ ನಿಲ್ಲಿಸಿದ್ದೇನೆ.

ಸೆಕೆಯಾದರೂ ಸ್ವಲ್ಪ ತಾಳ್ರಿ. ಯಾರಾದರೂ ಆ ಫ್ಯಾನು ಬಂದ್ ಮಾಡ್ರಿ.